ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡದ ಅಕ್ಷರ ಎಣಿಸಿದ್ದು ಹೀಗೆ

ಬ್ರೌಸರ್‌ನಲ್ಲೇ ಆಡುವ ಒಂದು ಕನ್ನಡ ಪದಬಂಧ ಮಾಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು, ಕೊನೆಗೂ ಮಾಡಿದೆ. ಪದಬಂಧ ಅಂದಮೇಲೆ ಒಂದು ಮನೆಗೆ ಒಂದು ಅಕ್ಷರ. ಪೇಪರ್‌ನಲ್ಲಿ ದಿನಾ ಪದಬಂಧ ತುಂಬುವವರನ್ನು ಕೇಳಿ ನೋಡಿ, 'ರಾಷ್ಟ್ರ'ಕ್ಕೆ ಎರಡು ಮನೆ, 'ಸ್ತ್ರೀ'ಗೆ ಒಂದೇ ಮನೆ ಅಂತ ಥಟ್ಟನೆ ಹೇಳುತ್ತಾರೆ. ಬ್ರೌಸರ್ ಒಳಗೆ ನಡೆಯುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಕೈಲಿ ಅದನ್ನೇ ಹೇಳಿಸಲು ನಾನು ಏನೇನು ಮಾಡಿದೆ ಅಂತ ಇಲ್ಲಿ ಬರೆದಿದ್ದೇನೆ. ಕನ್ನಡಕ್ಕೆ ಆಟ, ನಿಘಂಟು, ಟೈಪಿಂಗ್ ಕಲಿಸುವ ಆ್ಯಪ್ ಏನೇ ಮಾಡಿದರೂ ಈ ಲೆಕ್ಕ ಎದುರಾಗಿಯೇ ಆಗುತ್ತದೆ.

'ಸ್ತ್ರೀ' ಪದದ ಲೆಂತ್ (ಉದ್ದ) ಕೇಳಿದರೆ 6 ಬರುತ್ತದೆ. ಸ, ಹಲಂತ (ಸ್ವರ ಇಲ್ಲ ಅಂತ ತೋರಿಸುವ ಚಿಹ್ನೆ), ತ, ಹಲಂತ, ರ, ಆಮೇಲೆ ಈಕಾರದ ಚಿಹ್ನೆ. ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಕೇತ ಇಲ್ಲ, ನಡುವೆ ಹಲಂತ ಇಟ್ಟು ಪೋಣಿಸಿದ ವ್ಯಂಜನಗಳನ್ನು ಫಾಂಟ್ ಒಂದರ ಕೆಳಗೊಂದು ಕೂರಿಸಿ ತೋರಿಸುತ್ತದೆ, ಅಷ್ಟೇ. ಸ್ಪ್ರೆಡ್ ಹಾಕಿ ಪದವನ್ನು ಬಿಡಿಸಿ ಅರೇ (ಪಟ್ಟಿ) ಮಾಡಿದರೂ ಅದೇ ಆರು ಚೂರು. 'ಮೈಸೂರು' ತೆಗೆದುಕೊಂಡು, ಮೊದಲ ಮೂರು ಸಂಕೇತ ಕತ್ತರಿಸಿ ಕೊಡು ಅಂತ ಸ್ಲೈಸ್‌ನಲ್ಲಿ 0, 3 ಕೊಟ್ಟರೆ 'ಮೈಸ' ಅಂತ ಬರುತ್ತದೆ, ಊಕಾರ ಹಿಂದೆಯೇ ಉಳಿದುಹೋಗುತ್ತದೆ. ಎಚ್‌ಟಿಎಂಎಲ್‌ನ ಮ್ಯಾಕ್ಸ್‌ಲೆಂತ್ (ಫಾರ್ಮ್ ಖಾನೆಯಲ್ಲಿ ಎಷ್ಟು ಬರೆಯಬಹುದು ಅನ್ನುವ ಮಿತಿ) ಕೂಡ ಎಣಿಸುವುದು ಹೀಗೆಯೇ. ನಾಲ್ಕಕ್ಷರದ 'ಬೆಂಗಳೂರು' ಅಲ್ಲಿ 8 ಜಾಗ ತಿನ್ನುತ್ತದೆ. ಹೆಸರು, ವಿಳಾಸ ಕೇಳುವ ಫಾರ್ಮ್‌ಗೆ ಇಂಗ್ಲಿಷ್ ಲೆಕ್ಕದಲ್ಲಿ ಮಿತಿ ಹಾಕಿಟ್ಟರೆ ಕನ್ನಡದಲ್ಲಿ ಬರೆಯುವವರು ಅರ್ಧ ದಾರಿಯಲ್ಲೇ ನಿಲ್ಲಬೇಕಾಗುತ್ತದೆ. ಇದು ನನಗೆ ನಿಜವಾಗಲೂ ಬೇಜಾರಿನ ವಿಷಯ.

ಮೊದಲೆಲ್ಲ ಇದಕ್ಕೆ ಗ್ರಾಫೀಮ್ (ಓದುವವರಿಗೆ ಒಂದೇ ಅಕ್ಷರವಾಗಿ ಕಾಣುವ ಗುಂಪು) ಸ್ಪ್ಲಿಟರ್ ಥರದ ಲೈಬ್ರರಿಯನ್ನು ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರ ಎನ್‌ಪಿಎಂನಿಂದ ತರಬೇಕಿತ್ತು. ಈಗ ಭಾಷೆಯ ಒಳಗೇ ಪಠ್ಯವನ್ನು ತುಂಡು ಮಾಡಿ ಕೊಡುವ ಇಂಟಲ್ ಸೆಗ್ಮೆಂಟರ್ (Intl.Segmenter) ಇದೆ. ಕ್ರೋಮ್‌ಗೆ 2020ರಲ್ಲಿ 87ನೇ ಆವೃತ್ತಿಯಲ್ಲಿ ಬಂತು, ಸಫಾರಿಗೆ 2021ರಲ್ಲಿ 14.1ರಲ್ಲಿ. ಫೈರ್‌ಫಾಕ್ಸ್ ಬಳಗಕ್ಕೆ ಮಾತ್ರ ಏಪ್ರಿಲ್ 2024ರ 125ನೇ ಆವೃತ್ತಿವರೆಗೆ ಕಾಯಬೇಕಾಯಿತು. ಅದಾದ ಮೇಲೆ ಹೊರಗಿನ ಲೈಬ್ರರಿ ಯಾಕೆ ಬೇಕು ಅಂತ ನಾನು ಇದನ್ನೇ ಹಿಡಿದುಕೊಂಡೆ. ಗ್ರಾನ್ಯುಲಾರಿಟಿ ಗ್ರಾಫೀಮ್ ಅಂತ ಕೊಟ್ಟು ಒಂದು ಸೆಗ್ಮೆಂಟರ್ ಮಾಡಿಕೊಂಡು, ಅದನ್ನೇ ಎಲ್ಲ ಕಡೆ ಬಳಸಿ. ಪ್ರತಿ ಪದಕ್ಕೂ ಹೊಸದು ಸೃಷ್ಟಿಸುವುದು ದುಬಾರಿ, ಸಾವಿರಾರು ಪದಗಳ ಪಟ್ಟಿ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೆ.

'ಮೈಸೂರು' ಕೊಟ್ಟರೆ ಮೈ, ಸೂ, ರು ಅಂತ ಚೆನ್ನಾಗಿ ಒಡೆದು ಕೊಡುತ್ತದೆ. 'ಕನ್ನಡ' ಕೊಟ್ಟರೆ? ಕ, ನ್, ನ, ಡ. ನಾಲ್ಕು! 'ಸ್ತ್ರೀ' ಮೂರು ತುಂಡಾಗುತ್ತದೆ: ಸ್, ತ್, ರೀ.

ಇದು ಬ್ರೌಸರ್‌ನ ಬಗ್ ಅಲ್ಲ, ನಿಯಮವೇ ಹಾಗಿದೆ. ಸೆಪ್ಟೆಂಬರ್ 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯಬಾರದು ಅಂತ ಹೊಸ ನಿಯಮ ಸೇರಿಸಿದರು. ಅದರ ಹೆಸರು ಜಿಬಿ9ಸಿ. ಆದರೆ ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಹೊಸ ಬ್ರೌಸರ್‌ನಲ್ಲಿ ಇದೇ 'ಸ್ತ್ರೀ'ಯನ್ನು ತೆಲುಗು ಲಿಪಿಯಲ್ಲಿ ಕೊಟ್ಟರೆ ಒಂದೇ ತುಂಡು, ಕನ್ನಡದಲ್ಲಿ ಕೊಟ್ಟರೆ ಮೂರು. ಸೆಗ್ಮೆಂಟರ್‌ಗೆ 'ಕನ್ನಡ' ಅಂತ ಲೊಕೇಲ್ (ಯಾವ ಭಾಷೆ ಅನ್ನುವ ಸೂಚನೆ) ಹೇಳಿದರೂ ಇದು ಬದಲಾಗುವುದಿಲ್ಲ.

ಸರಿ, ಜೋಡಿಸುವ ಕೆಲಸ ನಾವೇ ಮಾಡೋಣ. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತೇನೆ. ಹಿಂದಿನ ತುಂಡು ಹಲಂತದಲ್ಲಿ, ಅಂದರೆ ಯೂನಿಕೋಡ್ 0ಸಿಸಿಡಿಯಲ್ಲಿ ಮುಗಿದಿದ್ದು, ಈಗಿನ ತುಂಡು ಕನ್ನಡದ ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸುತ್ತೇನೆ. ಇಲ್ಲದಿದ್ದರೆ ಅದು ಹೊಸ ಮನೆ. ಪಟ್ಟಿಯನ್ನು ಒಂದೊಂದಾಗಿ ದಾಟುತ್ತಾ ಫಲಿತಾಂಶ ಕಟ್ಟುವ ಒಂದು ರಿಡ್ಯೂಸ್‌ನಲ್ಲಿ ಮುಗಿಯುವ ಕೆಲಸ. ವ್ಯಂಜನ ಹೌದೋ ಅಲ್ಲವೋ ನೋಡುವುದು ಮುಖ್ಯ, ಯಾಕೆಂದರೆ 'ಕುಮಾರ್ ಬಂದ' ಅನ್ನುವಲ್ಲಿ ಹಲಂತದ ಮುಂದೆ ಖಾಲಿ ಜಾಗ ಇದೆ, ಅಲ್ಲಿ ಅಂಟಬಾರದು. ಅರ್ಕಾವತ್ತಿಗೆ ಬೇರೆ ಏನೂ ಮಾಡಬೇಕಿಲ್ಲ. ಬರೆಯುವಾಗ ಕೊನೆಗೆ ಬಂದರೂ ಸಂಕೇತದಲ್ಲಿ ರಕಾರ ಮೊದಲೇ ಇರುತ್ತದೆ, 'ಸೂರ್ಯ' ತಾನಾಗೇ ಎರಡು ಮನೆ ಆಗುತ್ತದೆ.

ಹೆಚ್ಚು ಹೊತ್ತು ತೆಗೆದುಕೊಂಡಿದ್ದು ಕಣ್ಣಿಗೆ ಕಾಣದ ಸಂಕೇತಗಳು. 'ಸಾಫ್ಟ್‌ವೇರ್' ಅಂತ ಬರೆಯುವಾಗ ಟಕಾರ ವಕಾರ ಒಂದಕ್ಕೊಂದು ಒತ್ತಾಗಿ ಕೂರದಿರಲಿ ಅಂತ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಹಾಕುತ್ತೇವೆ, ಅಲ್ವಾ? ಆಗ ಆ ತುಂಡು ಮುಗಿಯುವುದು ಹಲಂತದಲ್ಲಲ್ಲ, ಆ ನಾನ್ ಜಾಯ್ನರ್‌ನಲ್ಲಿ. ಅಂಟುವುದಿಲ್ಲ. ನಾಲ್ಕು ಮನೆ: ಸಾ, ಫ್ಟ್‌, ವೇ, ರ್. ಇದೇ ಸರಿ. ಆದರೆ ಆಟಗಾರ ನಾನ್ ಜಾಯ್ನರ್ ಹಾಕದೆ ಟೈಪ್ ಮಾಡಿದರೆ ಮೂರೇ ಮನೆ ಆಗುತ್ತದೆ. ಅದಕ್ಕೆ ಮನೆ ಎಷ್ಟು ಅನ್ನುವುದನ್ನು ಯಾವಾಗಲೂ ಉತ್ತರದ ಪಟ್ಟಿಯಿಂದ ತೆಗೆದುಕೊಳ್ಳುತ್ತೇನೆ, ಆಟಗಾರನ ಉತ್ತರ ಹೋಲಿಸುವಾಗ ಮಾತ್ರ ಎರಡೂ ಕಡೆಯಿಂದ ನಾನ್ ಜಾಯ್ನರ್ ತೆಗೆದುಹಾಕುತ್ತೇನೆ. 'ರ‍್ಯಾಂಕ್' ಪದದಲ್ಲಿ ಇನ್ನೊಂದು ಥರದ್ದು, ಝೀರೋ ವಿಡ್ತ್ ಜಾಯ್ನರ್, ಇರುತ್ತದೆ, ಕೆಲವರ ಪಠ್ಯದಲ್ಲಿ ಹಲಂತಕ್ಕೆ ಮೊದಲು, ಕೆಲವರದರಲ್ಲಿ ಆಮೇಲೆ. ಹಲಂತ ಆದಮೇಲೆ ಈ ಜಾಯ್ನರ್ ಇದ್ದರೂ ಅಂಟಿಸು ಅಂತ ಪಠ್ಯದ ಮಾದರಿ ಹುಡುಕುವ ರೆಜೆಕ್ಸ್‌ನಲ್ಲಿ ಸೇರಿಸಿದೆ.

ಎಲ್ಲಕ್ಕಿಂತ ಮೊದಲು ನಾರ್ಮಲೈಸ್ ಮಾಡಲೇಬೇಕು, ಅಂದರೆ ಬೇರೆ ಬೇರೆ ಥರ ಸಂಕೇತ ಹಾಕಿದ ಒಂದೇ ಅಕ್ಷರವನ್ನು ಒಂದೇ ರೂಪಕ್ಕೆ ತರಬೇಕು. ಆ ರೂಪದ ಹೆಸರು ಎನ್‌ಎಫ್‌ಸಿ. 'ಕೋ' ಒಂದೇ ಓಕಾರದ ಚಿಹ್ನೆಯಿಂದಲೂ ಆಗುತ್ತದೆ, ಎಕಾರ, ಊಕಾರ, ದೀರ್ಘ ಮೂರನ್ನು ಬಿಡಿಬಿಡಿಯಾಗಿ ಹಾಕಿದರೂ ಆಗುತ್ತದೆ. ನೋಡಲು ಒಂದೇ, ಹೋಲಿಸಿದರೆ ಬೇರೆ. ಹಳೆ ಫಾಂಟಿನ ಕಡತಗಳಿಂದ ಯೂನಿಕೋಡ್‌ಗೆ ತಂದ ಪದಪಟ್ಟಿಗಳಲ್ಲಿ ದೀರ್ಘದ ಚಿಹ್ನೆ ಹೀಗೆ ಬಿಡಿಯಾಗಿ ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಟೆಸ್ಟ್ ಬರೆಯಲು, ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಒಳಗೇ ಇರುವ ಟೆಸ್ಟ್ ರನ್ನರ್ ಸಾಕಾಯಿತು, ನೋಡ್ 20ರಿಂದ ಅದು ಸ್ಥಿರ. ಸ್ತ್ರೀ, ರಾಷ್ಟ್ರ, ಸೂರ್ಯ, ಸಾಫ್ಟ್‌ವೇರ್, ರ‍್ಯಾಂಕ್ ಎಲ್ಲವನ್ನೂ ಅದರಲ್ಲಿ ಹಾಕಿಟ್ಟಿದ್ದೇನೆ. ಜೊತೆಗೆ ಜೋಡಿಸದೆ ಬರೀ ಸೆಗ್ಮೆಂಟರ್ 'ಕನ್ನಡ'ವನ್ನು ಎಷ್ಟು ತುಂಡು ಮಾಡುತ್ತದೆ ಅಂತ ನೋಡುವ ಟೆಸ್ಟೂ ಒಂದಿದೆ. ಮುಂದೆ ಯೂನಿಕೋಡ್‌ನವರು ಕನ್ನಡವನ್ನು ಆ ಪಟ್ಟಿಗೆ ಸೇರಿಸಿದರೆ ಒತ್ತಕ್ಷರ ಇಡಿಯಾಗಿಯೇ ಬರುತ್ತದೆ, ನನ್ನ ಜೋಡಿಸುವ ಕೋಡ್‌ಗೆ ಅಂಟಿಸಲು ಏನೂ ಸಿಗುವುದಿಲ್ಲ, ಆಟ ಹಾಗೇ ನಡೆಯುತ್ತದೆ. ಆ ಟೆಸ್ಟ್ ಮಾತ್ರ ಫೇಲ್ ಆಗುತ್ತದೆ. ಅದು ಫೇಲ್ ಆಗುವ ದಿನ ಬೇಗ ಬರಲಿ.