ಅಂಗಿಯ ಯಾವ ತೋಳು ಮೊದಲು?

‘ಅಂಥ ಕೆಲಸವೇನೂ ಇಲ್ಲ, ಅಜ್ಜನ ಜೊತೆಗಿದ್ದರಾಯಿತು’ ಎಂದಿದ್ದರು, ನಾನು ಆರೈಕೆಗೆ ಹೋದ ಮೊದಲ ಮನೆಯವರು. ಪಾರ್ಶ್ವವಾಯು ಹೊಡೆದು ಅಜ್ಜನ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮೊದಲ ಬೆಳಗ್ಗೆಯೇ ಅಂಗಿ ತೊಡಿಸಲು ಹೋಗಿ ಸೋತೆ. ಚೆನ್ನಾಗಿದ್ದ ಎಡಗೈಯನ್ನು ಮೊದಲು ತೋಳಿಗೆ ತೂರಿಸಿಬಿಟ್ಟಿದ್ದೆ. ಆಮೇಲೆ ಬಲಗೈಯನ್ನು ಹಿಂದಕ್ಕೆ ತಿರುಚದೆ ಬೇರೆ ದಾರಿಯಿರಲಿಲ್ಲ. ಅವರು ಹಲ್ಲು ಕಚ್ಚಿ ಸಹಿಸಿದರು. ಸ್ವಾಧೀನವಿಲ್ಲದ ಕೈಗೆ ಮೊದಲು ತೊಡಿಸಬೇಕು, ಬಿಚ್ಚುವಾಗ ಅದು ಕೊನೆಗೆ. ಆ ಕೈ ಹಿಡಿದು ಎಬ್ಬಿಸಲೇಬಾರದು, ಭುಜದ ಕೀಲು ಜಾರೀತು ಎಂದು ಆಮೇಲೆ ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟರು.

ಗುಂಡಿ ಹಾಕುವುದನ್ನು ಅಜ್ಜನಿಗೇ ಬಿಡತೊಡಗಿದೆ. ಎಡಗೈಯೊಂದರಲ್ಲೇ ಐದು ಗುಂಡಿ, ಹತ್ತು ನಿಮಿಷ. ಮೂರನೆಯದು ಪ್ರತಿ ಸಲವೂ ನುಣುಚಿಕೊಳ್ಳುತ್ತಿತ್ತು. ಎದುರಿಗೆ ಕೈಕಟ್ಟಿ ಕೂತಿದ್ದ ನನ್ನನ್ನು ನೋಡಿ ಮಗ, ‘ಸಂಬಳ ಕೊಡುವುದು ನೋಡುತ್ತಾ ಕೂರುವುದಕ್ಕೇ?’ ಎಂದರು. ಗುಂಡಿ ಹಾಕಿಬಿಡುವುದು ನನಗೆ ಅರೆ ನಿಮಿಷದ ಕೆಲಸ. ಹಾಕದೆ ಕೂರುವುದೇ ಕಷ್ಟವಾಗಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದು?

ರಾತ್ರಿಯದು ಬೇರೆಯೇ ತಕರಾರು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆಯ ಮೇಲೆ ಟಾರ್ಚ್ ಬಿಟ್ಟು ನೋಡಬೇಕು. ಕೆಂಪಾದ ಕಡೆ ಬೆರಳೊತ್ತಿದಾಗ ಬಣ್ಣ ತಿಳಿಯಾಗದೆ ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಎಂದೇ ಲೆಕ್ಕ. (ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ; ಬಿಸಿಯೋ ಗಡಸೋ ಎಂದು ಮುಟ್ಟಿ ನೋಡುತ್ತೇನೆ.) ಇಷ್ಟೆಲ್ಲ ಮಾಡಿದರೂ ಮನೆಯವರ ಲೆಕ್ಕದಲ್ಲಿ ನಾನು ರಾತ್ರಿ ‘ಮಲಗಿರುತ್ತೇನೆ’. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರಲ್ಲಿ ಅಂಗೀಕರಿಸಿದ ಗೃಹ ಕಾರ್ಮಿಕರ 189ನೇ ಒಡಂಬಡಿಕೆಯು, ಕರೆದಾಗ ಏಳಲು ಸಿದ್ಧವಿರಬೇಕಾದ ಹೊತ್ತನ್ನೂ ಆಯಾ ದೇಶದ ಕಾನೂನು ಹೇಳಿದಷ್ಟರ ಮಟ್ಟಿಗೆ ದುಡಿಮೆಯೆಂದೇ ಎಣಿಸುತ್ತದೆ. ವಾರಕ್ಕೆ ಸತತ 24 ಗಂಟೆಯಾದರೂ ಬಿಡುವು ಕೊಡಬೇಕು ಎನ್ನುತ್ತದೆ. ನನಗದು ಗೊತ್ತಾಗುವ ಹೊತ್ತಿಗೆ ನಾಲ್ಕು ಮನೆ ದಾಟಿದ್ದೆ. ‘ನೀವು ಮನೆಯವರ ಹಾಗೇ’ ಎಂದು ಯಾರಾದರೂ ಅಂದರೆ ಈಗ ಮೊದಲು ರಜೆ ಯಾವ ದಿನ ಎಂದು ಕೇಳುತ್ತೇನೆ.

ಅಜ್ಜನ ಮನೆಯಲ್ಲಿ ಅಷ್ಟು ಧೈರ್ಯವಿರಲಿಲ್ಲ. ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದೆ: 11 ಎಡ, 1 ಬೆನ್ನು, 3 ಬಲ, 5 ಎಡ. ಒಂದು ದಿನ ಮಗ ಅದನ್ನು ತಿರುವಿ ಹಾಕಿದರು. ‘ಮೂರು ಗಂಟೆಗೂ ಎದ್ದಿದ್ದಿರಾ?’ ಎಂದು ಕೇಳಿದರು. ಹೌದೆಂದೆ. ಸಂಬಳವೇನೂ ಏರಲಿಲ್ಲ. ಮರುದಿನ ಬೆಳಗ್ಗೆ ಮಾತ್ರ, ಅಜ್ಜ ಮೂರನೆಯ ಗುಂಡಿಯೊಂದಿಗೆ ಗುದ್ದಾಡುವಾಗ, ಅವರೂ ಬಂದು ಪಕ್ಕದಲ್ಲಿ ಕೈಕಟ್ಟಿ ಕೂತರು.