ಮೊದಲ ಕವಚ: ದುಡ್ಡು ಹೆಲ್ಮೆಟ್ಟಿಗೆ ಹಾಕಿ
1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ) ಮಧ್ಯಯುಗದ ಬದುಕನ್ನು ಆಡಿ ತೋರಿಸುವ ಹವ್ಯಾಸಿ ಬಳಗ. ಇದರ ಕಾಳಗದಲ್ಲಿ ಕತ್ತಿ ಬೆತ್ತದ್ದು, ಏಟು ನಿಜವಾದದ್ದು. ಹೊಸಬರು ಮೊದಲು ಅಭ್ಯಾಸಕ್ಕೆ ಬಂದು ಎರವಲು ಕವಚ ಕೇಳಿ. ಸುಮ್ನೆ ಅವಸರಪಟ್ಟು ಕೊಳ್ಳಬೇಡಿ.

ಹೆಲ್ಮೆಟ್ ಮಾತ್ರ ನಿಮ್ಮದೇ ಇರಲಿ. ಉಕ್ಕು 16 ಗೇಜ್‌ಗಿಂತ (ಸುಮಾರು 1.6 ಮಿ.ಮೀ.) ತೆಳುವಾಗಿರಬಾರದು. ಮುಖದ ಸರಳುಗಳ ನಡುವೆ 1 ಇಂಚು ದಪ್ಪದ ಕೋಲು ತೂರಬಾರದು. ಒಳಗೆ ಬೆವರು ಹೀರದ ಗಟ್ಟಿ ಫೋಮ್ ಅಂಟಿಸಿ. ನನ್ನದಕ್ಕೂ ಅದೇ ಹಾಕಿದ್ದೇನೆ. ಗಲ್ಲದ ಪಟ್ಟಿ ಬಿಗಿದು ತಲೆ ಜೋರಾಗಿ ಅಲ್ಲಾಡಿಸಿ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಹಿಂದೆ ಉಳಿದರೆ ಇನ್ನಷ್ಟು ಫೋಮ್ ತುಂಬಿ. ಹಿತ್ತಾಳೆಯ ಅಲಂಕಾರ ಆಮೇಲೆ ನೋಡಿಕೊಳ್ಳಬಹುದು, ಅಲ್ವಾ?

ಕುತ್ತಿಗೆ, ಮೊಣಕೈ, ಮೊಣಕಾಲು, ಕೈಬೆರಳು, ಸೊಂಟದ ಹಿಂಭಾಗ, ತೊಡೆಸಂದು ಯಾವುದೂ ಬಯಲಾಗಿರಬಾರದು.

ಕಾಳಗ ಮುಗಿದ ಮೇಲೆ ಉಕ್ಕನ್ನು ಚೀಲದಲ್ಲಿ ಬಿಡಬೇಡಿ. ಬೆವರಿಗೆ ಬೇಗ ತುಕ್ಕು ಹಿಡಿಯುತ್ತದೆ. ಅವತ್ತೇ ಒರೆಸಿ, ತೆಳುವಾಗಿ ಎಣ್ಣೆ ಸವರಿ.