ಕ್ಲೌಡ್ ನಂಬುವ ಮೊದಲು ಇಪ್ಪತ್ತು ಹುಣಸೆ ಬೀಜ ಎಣಿಸಿ

ದಾವಣಗೆರೆಯ ಮಂಡಿಗಳಿಗೂ ಅಂಗಡಿಗಳಿಗೂ ಲೆಕ್ಕದ ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕೆಲಸ. ಕಡತಗಳನ್ನು ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬೇರೊಂದು ಕಂಪನಿಯ ಕಂಪ್ಯೂಟರ್‌ಗಳಲ್ಲಿ, ಇಡುವ ಮಾತು ಬಂದರೆ ‘ಯಾವುದು ಒಳ್ಳೆಯದು ಹೇಳಿ ಸರ್’ ಎನ್ನುತ್ತಾರೆ. ಕೊನೆಗೆ ಪಕ್ಕದ ಅಂಗಡಿಯವರು ಕೊಂಡದ್ದನ್ನೇ ಕೊಳ್ಳುತ್ತಾರೆ. ಕಳೆದ ಮೆಕ್ಕೆಜೋಳದ ಸುಗ್ಗಿಯಲ್ಲಿ ಒಬ್ಬ ಗುಮಾಸ್ತರು ರೈತರ ಬಾಕಿ ಪಟ್ಟಿಯನ್ನು ಕೈತಪ್ಪಿ ಅಳಿಸಿ, ನಲವತ್ತು ದಿನದ ಮೇಲೆ ಹುಡುಕಿದರು. ಆ ಸೇವೆ ಅಳಿಸಿದ ಕಡತವನ್ನು ಮೂವತ್ತು ದಿನ ಮಾತ್ರ ಉಳಿಸಿಕೊಳ್ಳುತ್ತಿತ್ತು. ಪಕ್ಕದವರಿಗೆ ಅಷ್ಟು ಸಾಕಾಗಿತ್ತು, ಇವರಿಗೆ ಸಾಲಲಿಲ್ಲ.

ಮೊದಲ ಹೆಜ್ಜೆ ಸುಲಭ: ಏನೇನು ಇಡುತ್ತೀರಿ ಎಂದು ಬರೆದುಕೊಳ್ಳಿ.

ಎರಡನೆಯದರಲ್ಲೇ ಎಲ್ಲರೂ ಎಡವುವುದು. ದೊಡ್ಡ ಹಾಳೆಯ ಮೇಲೆ ಐದು ಮನೆ ಎಳೆಯಿರಿ: ಗುಟ್ಟು, ಕಳೆದದ್ದು ಮರಳಿ ಸಿಗುವುದು, ಬೇಕೆಂದಾಗ ತೆರೆಯುವುದು, ಬೆಲೆ, ಕರೆದರೆ ಓಗೊಡುವವರು. ಇಪ್ಪತ್ತು ಹುಣಸೆ ಬೀಜ ತೆಗೆದುಕೊಂಡು ಯಾವುದು ಎಷ್ಟು ಮುಖ್ಯವೋ ಅಷ್ಟು ಬೀಜ ಆ ಮನೆಗೆ ಹಾಕಿ. ಹತ್ತರಲ್ಲಿ ಎಂಟು ಜನ ಮನೆಗೆ ನಾಲ್ಕರಂತೆ ಸಮನಾಗಿ ಹಂಚಿ ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಎರಡೆರಡು ಮನೆಗಳನ್ನು ಎದುರುಬದುರು ಇಟ್ಟು, ‘ಇವುಗಳಲ್ಲಿ ಯಾವುದು ಕೈಕೊಟ್ಟರೆ ನನಗೆ ರಾತ್ರಿ ನಿದ್ದೆ ಬಾರದು?’ ಎಂದು ಕೇಳಿಕೊಳ್ಳಿ. ಸೋತ ಮನೆಯಿಂದ ಒಂದು ಬೀಜವನ್ನು ಗೆದ್ದ ಮನೆಗೆ ಸರಿಸಿ. ಹತ್ತು ಜೋಡಿಗಳಾಗುತ್ತವೆ, ಹತ್ತನ್ನೂ ಮುಗಿಸಿ. ಇದನ್ನು ಮೊಬೈಲ್‌ನಲ್ಲಿ ಮಾಡಲೇಬೇಡಿ. ಬೀಜ ಎತ್ತುವಾಗ ಯಾವ ಮನೆ ಬರಿದಾಗುತ್ತಿದೆ ಎಂಬುದು ಕಣ್ಣಿಗೆ ಕಾಣಬೇಕು. ಮಾಲೀಕರು, ಗುಮಾಸ್ತರು ಬೇರೆ ಬೇರೆಯಾಗಿ ಹಂಚಿ ಹೋಲಿಸಲಿ. ಮಾಲೀಕರ ಬೀಜಗಳು ಗುಟ್ಟಿನ ಮನೆಯಲ್ಲಿ ಗುಡ್ಡೆಯಾದರೆ ಗುಮಾಸ್ತರವು ‘ಬೇಕೆಂದಾಗ ತೆರೆಯುವುದು’ ಎಂಬಲ್ಲಿ ಬೀಳುತ್ತವೆ. ಆ ಜಗಳ ಹಣ ಕಟ್ಟುವ ಮೊದಲೇ ಮುಗಿಯಲಿ.

ಮೂರನೆಯದು, ಪ್ರತಿ ಸೇವೆಗೂ ಮನೆವಾರು ಐದರೊಳಗೆ ಅಂಕ ಕೊಡುವುದು. ಇಂಟರ್ನೆಟ್‌ನಲ್ಲಿ ಬಳಕೆದಾರರು ಕೊಟ್ಟ ನಕ್ಷತ್ರಗಳನ್ನು ನೋಡಿ ಅಂಕ ಕೊಡಬೇಡಿ. ಅವು ಬೇರೆಯವರು ಹಂಚಿದ ಬೀಜಗಳು. ಷರತ್ತುಗಳನ್ನು ಓದಿ. ‘99.9 ಶೇಕಡಾ ಲಭ್ಯ’ ಎಂದಿದ್ದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಮುಚ್ಚಿದ್ದರೂ ಮಾತು ತಪ್ಪಿದಂತಲ್ಲ. ಕೀಲಿ ನಿಮ್ಮ ಕೈಯಲ್ಲೇ ಇರುವ ಗೂಢಲಿಪಿ (ಕೀಲಿ ಇಲ್ಲದವರು ಕಡತ ಓದಲಾಗದಂತೆ ಮಾಡುವ ಬೀಗ) ಇದ್ದರೆ ಗುಟ್ಟಿಗೆ ಪೂರ್ತಿ ಐದು ಕೊಡಿ, ಆದರೆ ಆ ಕೀಲಿ ಕಳೆದರೆ ಕಂಪನಿಯೂ ತೆರೆದುಕೊಡಲಾರದು. ಮರಳಿ ಸಿಗುವ ಮನೆಯಲ್ಲಿ ಒಂದು ಅಂಕ ಇಳಿಸಿ. ಪ್ರತಿಗಳು ಎರಡು ಊರಿನಲ್ಲಿವೆಯೇ ಎಂದೂ ಕೇಳಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಓವಿಎಚ್ ಎಂಬ ಕ್ಲೌಡ್ ಕಂಪನಿಯ ದತ್ತಾಂಶ ಕೇಂದ್ರ (ಗ್ರಾಹಕರ ಕಡತಗಳಿರುವ ಕಂಪ್ಯೂಟರ್‌ಗಳ ಕಟ್ಟಡ) ಬೆಂಕಿಗೆ ಸಿಕ್ಕಾಗ, ಬೇರೆಡೆ ಪ್ರತಿ ಇಡದಿದ್ದ ಹಲವು ಗ್ರಾಹಕರು ಕಡತಗಳನ್ನು ಶಾಶ್ವತವಾಗಿ ಕಳೆದುಕೊಂಡರು.

‘ಜೀವನಪರ್ಯಂತ, ಮಿತಿಯಿಲ್ಲದೆ’ ಎಂದು ಮಾರುವವರ ಹತ್ತಿರ ಸುಳಿಯಬೇಡಿ. ಗೂಗಲ್‌ನಂಥ ದೊಡ್ಡ ಕಂಪನಿಯೇ ಫೋಟೊಗಳಿಗೆ ಕೊಟ್ಟಿದ್ದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿ, 2021ರ ಜೂನ್ 1ರಿಂದ ಹೊಸ ಫೋಟೊಗಳನ್ನು 15 ಜಿಬಿ ಉಚಿತ ಜಾಗದ ಮಿತಿಯ ಲೆಕ್ಕಕ್ಕೆ ಸೇರಿಸಿತು.

ನಾಲ್ಕನೆಯದು ಗುಣಾಕಾರ: ಬೀಜ ಗುಣಿಸು ಅಂಕ, ಆಮೇಲೆ ಮೊತ್ತ. ಮೇಲಿನ ಐದು ಮನೆಗಳ ಕ್ರಮದಲ್ಲೇ ಒಂದು ಸೇವೆಗೆ 4, 2, 5, 5, 3, ಇನ್ನೊಂದಕ್ಕೆ 4, 5, 4, 2, 2 ಅಂಕ ಬಂದವು ಎನ್ನಿ. ಮಂಡಿಯವರ ಬೀಜ 6, 7, 3, 2, 2 ಆದರೆ ಮೊದಲನೆಯದಕ್ಕೆ 69, ಎರಡನೆಯದಕ್ಕೆ 79. ಬೆಲೆಗೇ ಎಂಟು ಬೀಜ ಹಾಕಿ 2, 5, 3, 8, 2 ಎಂದು ಹಂಚಿದ ಫೋಟೊ ಸ್ಟುಡಿಯೊದವರಿಗೆ ಅವೇ ಸೇವೆಗಳು 79 ಮತ್ತು 65 ಆಗುತ್ತವೆ. ಮೊತ್ತ ಎಷ್ಟೇ ಇರಲಿ, ಐದು ಅಥವಾ ಹೆಚ್ಚು ಬೀಜ ಬಿದ್ದ ಮನೆಯಲ್ಲಿ ಎರಡಕ್ಕಿಂತ ಕಡಿಮೆ ಅಂಕ ಪಡೆದ ಸೇವೆಯನ್ನು ಪಟ್ಟಿಯಿಂದ ತೆಗೆದುಹಾಕಿ.

ಗೆದ್ದ ಸೇವೆಗೆ ಕೂಡಲೇ ವರ್ಷದ ಹಣ ಕಟ್ಟಬೇಡಿ. ಒಂದು ತಿಂಗಳಿಗೆ ಮಾತ್ರ ಕೊಂಡು, ಹಳೆಯ ಲೆಕ್ಕದ ಒಂದು ಫೋಲ್ಡರನ್ನು ಏರಿಸಿ, ಬೇಕೆಂದೇ ಅಳಿಸಿ. ವಾರ ಬಿಟ್ಟು ಬೇರೊಂದು ಕಂಪ್ಯೂಟರ್‌ನಲ್ಲಿ ಅದನ್ನು ಮರಳಿ ಇಳಿಸಿ, ಕೊನೆಯ ಸಾಲಿನ ಮೊತ್ತ ನಿಮ್ಮ ಕಾಗದದ ಖಾತೆಯೊಂದಿಗೆ ಪೈಸೆ ಸಮೇತ ಹೊಂದುತ್ತದೆಯೇ ನೋಡಿ. ಹೊಂದಿದರೆ ಉಳಿದ ಹನ್ನೊಂದು ತಿಂಗಳ ಹಣ ಕಟ್ಟಿ.